ಸ್ಕೋಪ್ ಮುಗಿಯಿತು ಅಮ್ಮ

ಪ್ರೀತಿಯ ಅಮ್ಮನಿಗೆ ನಮಸ್ಕಾರ. ನಾನು ಚೆನ್ನಾಗಿದ್ದೇನೆ. ಅಪ್ಪನ ಕಾಲುನೋವು ಹೇಗಿದೆ?

ನಿನ್ನ ಪತ್ರ ಸೋಮವಾರ ಬಂತು. "ಮತ್ತೆ ಕೊಯ್ಯುತ್ತಾರಾ?" ಅಂತ ಮೂರು ಕಡೆ ಕೇಳಿದ್ದೀಯ. ಇಲ್ಲಮ್ಮ, ಯಾರೂ ಕೊಯ್ಯಲಿಲ್ಲ. ನಿನ್ನೆ ಆಗಿದ್ದು ಬರೀ ಕ್ಯಾಮೆರಾ ಪರೀಕ್ಷೆ, ಇಲ್ಲಿ ಸ್ಕೋಪ್ ಅನ್ನುತ್ತಾರೆ. ಹದಿನೈದು ನಿಮಿಷವೂ ಹಿಡಿಯಲಿಲ್ಲ.

ರಮೇಶ ಏನು ಹೇಳಿದನೋ, ನನ್ನೊಳಗೆ ಪ್ಲಾಸ್ಟಿಕ್ ಚೀಲ ಇದೆ ಅಂದುಕೊಂಡಿದ್ದೀಯ. ಹೊಟ್ಟೆಯ ಮೇಲೆ ಚೀಲ ಅಂಟಿಸಿದ್ದು ಆಪರೇಷನ್ ಆದ ಮೊದಲ ಕೆಲವು ತಿಂಗಳು ಮಾತ್ರ. ಈಗಿರುವುದು ನನ್ನದೇ ಸಣ್ಣಕರುಳು. ಹುಣ್ಣಾಗಿದ್ದ ದೊಡ್ಡಕರುಳು ತೆಗೆದ ಮೇಲೆ, ಸಣ್ಣಕರುಳಿನ ಕೊನೆಯ ಒಂದಡಿಯಷ್ಟನ್ನು ಮಡಚಿ ಹೊಲಿದು ಚೀಲ ಮಾಡಿದ್ದಾರೆ. ಇಂಗ್ಲಿಷ್ ಜೆ ಅಕ್ಷರದ ಹಾಗಿರುವುದರಿಂದ ಜೆ ಪೌಚ್ ಅನ್ನುತ್ತಾರೆ. ಈ ಆಪರೇಷನ್ನಿಗೆ ದಾರಿ ಮಾಡಿದ್ದು ಇದೇ ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಪಾರ್ಕ್ಸ್ ಮತ್ತು ನಿಕೋಲ್ಸ್. ಅವರು ಅದರ ಬಗ್ಗೆ ಬರೆದಿದ್ದು 1978ರಲ್ಲಿ. ಜೆ ಆಕಾರ ಬಂದಿದ್ದು ಜಪಾನಿನ ಉತ್ಸುನೊಮಿಯಾ ಅವರಿಂದ, 1980ರಲ್ಲಿ. ಹೊಸ ಪ್ರಯೋಗವೇನಲ್ಲ, ಗೊತ್ತಾಯ್ತಾ?

ಹೊಟ್ಟೆ ಖಾಲಿ ಮಾಡಲು ಬೆಳಿಗ್ಗೆ ಎನಿಮಾ ಕೊಟ್ಟರು. ಕಿರುಬೆರಳಿನಷ್ಟು ದಪ್ಪದ ಪೈಪು, ತುದಿಯಲ್ಲಿ ಕ್ಯಾಮೆರಾ. ನಡೆಸಿದ್ದು ಡಾಕ್ಟರಲ್ಲ, ಅದಕ್ಕೇ ತರಬೇತಿ ಪಡೆದ ನರ್ಸ್! ಇಲ್ಲಿ ಹಾಗೂ ಉಂಟು. ಕೈ ಎಷ್ಟು ಮೃದು ಅಂತೀಯ. ನೋವಾದರೆ ಎಳೆದುಕೊಳ್ಳಲು ಬಾಯಿಗೆ ಗಾಳಿಯ ಕೊಳವೆ ಕೊಟ್ಟಿದ್ದರು, ಹೆರಿಗೆಗೂ ಅದನ್ನೇ ಕೊಡುತ್ತಾರಂತೆ. ನನಗೆ ಬೇಕಾಗಲಿಲ್ಲ. ಟೀವಿಯಲ್ಲಿ ನಾನೂ ನೋಡಿದೆ. ಚೀಲದ ಮೇಲ್ತುದಿಯಲ್ಲಿ ಎರಡು ತೂತು, ಥೇಟ್ ಗೂಬೆಯ ಕಣ್ಣು. ಚೀಲದಲ್ಲಿ ಸ್ವಲ್ಪ ಕೆಂಪಾಗಿದೆ, ಅದರ ಮೇಲಿನ ಕರುಳು ಶುದ್ಧವಾಗಿದೆ. ಪರೀಕ್ಷೆಗೆ ಅಂತ ಚೂರು ಚಿವುಟಿ ತೆಗೆದಿದ್ದು ಗೊತ್ತೇ ಆಗಲಿಲ್ಲ. ಆ ವರದಿ ಬರಬೇಕು. ದಿನಕ್ಕೆ ಹತ್ತು ಹನ್ನೆರಡು ಸಲ ಕಕ್ಕಸಿಗೆ ಓಡುತ್ತಿದ್ದುದು ಈ ಉರಿಯೂತದಿಂದಲೇ ಅಂತೆ. ಚೀಲ ಇರುವವರಲ್ಲಿ ಇದು ತುಂಬಾ ಮಾಮೂಲಿ.

ಎರಡು ವಾರ ಸಿಪ್ರೊಫ್ಲಾಕ್ಸಸಿನ್ ಅನ್ನುವ ಆಂಟಿಬಯೋಟಿಕ್ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು. ಮಾತ್ರೆಯ ಜೊತೆ ಹಾಲು ಮೊಸರು ಬೇಡ ಅಂದಿದ್ದಾರೆ. ಹಾಗಾಗಿ ಮಜ್ಜಿಗೆ ಅನ್ನ ಮಧ್ಯಾಹ್ನಕ್ಕೆ. ಅನ್ನ, ಬಾಳೆಹಣ್ಣು ಒಳ್ಳೆಯದು ಅಂತ ಇಲ್ಲಿಯವರೇ ಹೇಳುತ್ತಾರೆ ಅಮ್ಮ, ನೀನು ಮೊದಲೇ ಹೇಳಿದ್ದೆ.

ಹೆದರಬೇಡ. ನಿಜವಾಗಿಯೂ ಚೆನ್ನಾಗಿದ್ದೇನೆ, ಒಂದಿಷ್ಟೂ ಮುಚ್ಚಿಟ್ಟಿಲ್ಲ. ಸಿಗಂದೂರಿನ ಹರಕೆ ನಾನು ಬಂದಾಗ ಒಟ್ಟಿಗೆ ತೀರಿಸೋಣ, ಈ ಮಳೆಯಲ್ಲಿ ಒಬ್ಬಳೇ ಹೊರಡಬೇಡ. ಅಂಚೆ ಡಬ್ಬಿ ತೆರೆಯುವ ಹೊತ್ತಾಯ್ತು, ಓಡುತ್ತೇನೆ.

ಇತಿ ನಿನ್ನ ಮಗ,
ಪುಟ್ಟು