ಹಾಳೆ ಆರುವವರೆಗೆ ಒಂದು ಪತ್ರ

ಪ್ರಿಯ ಗೆಳೆಯ,

ಜಲವರ್ಣ ಕಲಿಯುವ ಆಸೆ ಹುಟ್ಟಿದೆ, ವಾರಕ್ಕೊಮ್ಮೆ ನಡೆಯುವ ತರಗತಿಗೆ ಸೇರಲೋ ಅಥವಾ ಎರಡು ದಿನದ ಕಾರ್ಯಾಗಾರಕ್ಕೆ ಹೋಗಿ ಬಂದರೆ ಸಾಕೋ ಎಂದು ನೀನು ಕೇಳಿ ಹದಿನೈದು ದಿನಗಳಾದವು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಮೊದಲು ತರಗತಿ, ಆಮೇಲೆ ಕಾರ್ಯಾಗಾರ ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬಹುದಿತ್ತು. ಆದರೆ ನಾನು ಅದನ್ನು ತಲೆಕೆಳಗು ಮಾಡಿ ಕಲಿತವನಾದ್ದರಿಂದ ಕಾರಣವನ್ನೂ ಹೇಳಬೇಕೆನಿಸಿತು. ಈಗಷ್ಟೇ ಒಂದು ಹಾಳೆಯ ಮೇಲೆ ಆಕಾಶದ ಮೊದಲ ಪದರವನ್ನು ಬಳಿದು ಪಕ್ಕಕ್ಕಿಟ್ಟಿದ್ದೇನೆ. ಅದು ಆರುವವರೆಗೆ ನನಗೆ ಬೇರೆ ಕೆಲಸವಿಲ್ಲ.

ನಾನು ಮೊದಲು ಹೋದದ್ದು ಕಾರ್ಯಾಗಾರಕ್ಕೆ. ಕಲಾವಿದರು ಮುಂದೆ ನಿಂತು ಮಂಜು ಮುಸುಕಿದ ಬೆಟ್ಟಸಾಲೊಂದನ್ನು ಹಂತಹಂತವಾಗಿ ಬರೆಯುತ್ತ ಹೋದರು. ನಾವು ಇಪ್ಪತ್ತಕ್ಕೂ ಹೆಚ್ಚು ಮಂದಿ ಅವರು ಮಾಡಿದ್ದನ್ನೇ ಮಾಡುತ್ತ ಹೋದೆವು. ಎರಡನೆಯ ದಿನ ಸಂಜೆ ನಾನು ಮನೆಗೆ ತಂದ ಚಿತ್ರವನ್ನು ನೋಡಿ ಮನೆಯವರೆಲ್ಲ ಬೆರಗಾದರು, ನಾನೂ ಬೆರಗಾದೆ, ಅದಕ್ಕೆ ಚೌಕಟ್ಟನ್ನೂ ಹಾಕಿಸಿದೆ. ಮುಂದಿನ ವಾರ ಅದೇ ಬೆಟ್ಟಗಳನ್ನು ಒಬ್ಬನೇ ಕುಳಿತು ಬರೆಯಹೋದಾಗ ಮಂಜಿನ ಜಾಗದಲ್ಲಿ ಕೆಸರು ಬಂತು. ಬಣ್ಣಗಳು ಅವೇ, ಕುಂಚವೂ ಅದೇ. ತಪ್ಪಿದ್ದೆಲ್ಲಿ ಎಂದು ತಿಳಿಯಲು ನನಗೆ ಬಹಳ ದಿನ ಬೇಕಾಯಿತು: ಕಾರ್ಯಾಗಾರದಲ್ಲಿ ಅವರು 'ಈಗ ಹಚ್ಚಿ' ಎಂದಾಗ ನಾನು ಹಚ್ಚಿದ್ದೆ, 'ಸ್ವಲ್ಪ ತಡೆಯಿರಿ' ಎಂದಾಗ ತಡೆದಿದ್ದೆ. ಆ ಚಿತ್ರದಲ್ಲಿ ಕೈ ನನ್ನದಾಗಿತ್ತು, ಹೊತ್ತು ಅವರದಾಗಿತ್ತು.

ಆ ಹೊತ್ತನ್ನು ಗುರುತಿಸುವುದನ್ನು ಕಲಿಸಿದ್ದು ತರಗತಿ. ಮೊದಲ ದಿನ ನಮ್ಮ ಶಿಕ್ಷಕಿ ಬಣ್ಣದ ಡಬ್ಬಿಯನ್ನು ತೆರೆಯಲು ಬಿಡಲೇ ಇಲ್ಲ. ಅಂಗೈ ಅಗಲದ ಕಾಗದದ ತುಂಡಿಗೆ ಬರಿಯ ನೀರು ಬಳಿದು, ಕಣ್ಣನ್ನು ಮೇಜಿನ ಮಟ್ಟಕ್ಕೆ ತಂದು, ಬೆಳಕಿಗೆದುರಾಗಿ ಓರೆಯಿಂದ ನೋಡುತ್ತ ಕೂರಿ ಎಂದರು. ಮೊದಲು ನೀರು ಕಾಗದದ ಮೇಲೆ ಕನ್ನಡಿಯಂತೆ ನಿಂತಿರುತ್ತದೆ; ಸ್ವಲ್ಪ ಹೊತ್ತಿಗೆ ಒಳಗಿಳಿದು ಕಾಗದದ ತರಿ ಕಾಣತೊಡಗುತ್ತದೆ, ಆದರೂ ಮೇಲೊಂದು ಮಿರುಗು ಉಳಿದಿರುತ್ತದೆ; ಆಮೇಲೆ ಮಿರುಗು ಮಾಸಿ, ಒಣಗಿದಂತೆ ಕಂಡರೂ ಬೆರಳ ಹಿಂಬದಿಯಿಂದ ಮುಟ್ಟಿದರೆ ತಣ್ಣಗಿರುತ್ತದೆ; ಕೊನೆಗೆ ಆ ತಂಪೂ ಹೋಗುತ್ತದೆ. ಕನ್ನಡಿಯಂತಿದ್ದಾಗ ಹಚ್ಚಿದ ಬಣ್ಣ ಎಲ್ಲೆಂದರಲ್ಲಿ ಹರಡುತ್ತದೆ. ಮಿರುಗು ಉಳಿದಿರುವಾಗ ಹಚ್ಚಿದರೆ ಆಕಾರ ನಿಂತು ಅಂಚು ಮಾತ್ರ ಕರಗುತ್ತದೆ. ಮಂಜು ಹುಟ್ಟುವುದು ಇಲ್ಲಿಯೇ. ಮಿರುಗು ಮಾಸಿದ ಮೇಲೆ ಕೈ ಹಾಕುವುದೇ ನಮ್ಮಂಥ ಹೊಸಬರ ರೋಗ. ಅರೆ ಆರಿದ ಬಣ್ಣಕ್ಕೆ ಹೆಚ್ಚು ನೀರಿರುವ ಕುಂಚ ತಾಗಿದರೆ, ಆ ನೀರು ಒಣಗುತ್ತಿರುವ ಕಡೆಗೆ ನುಗ್ಗಿ ವರ್ಣದ್ರವ್ಯದ ಕಣಗಳನ್ನು ತಳ್ಳಿಕೊಂಡು ಹೋಗಿ, ಹೂಕೋಸಿನಂತೆ ಸುಕ್ಕುಸುಕ್ಕಾದ ಅಂಚಿನ ಕಲೆಯೊಂದನ್ನು ಉಳಿಸುತ್ತದೆ. ನನ್ನ ಬೆಟ್ಟಗಳ ಮೇಲೆ ಅಂಥವು ಐದಿದ್ದವು.

ಇದನ್ನು ವಿಡಿಯೋ ನೋಡಿ ಕಲಿಯಬಾರದೇ ಎಂದು ನೀನು ಕೇಳುತ್ತೀಯೆಂದು ಬಲ್ಲೆ. ನಾನೂ ಬಹಳಷ್ಟು ನೋಡಿದ್ದೇನೆ. ಆದರೆ ಅಂಥ ವಿಡಿಯೋಗಳಲ್ಲಿ ಸಾಮಾನ್ಯವಾಗಿ ಕ್ಯಾಮೆರಾ ಹಾಳೆಯ ನೆತ್ತಿಯ ಮೇಲಿರುತ್ತದೆ, ಓರೆಯಿಂದ ಮಾತ್ರ ಕಾಣುವ ಮಿರುಗು ಅಲ್ಲಿಂದ ಕಾಣುವುದು ಕಷ್ಟ. ಒಣಗಲು ಹಿಡಿದ ಸಮಯವನ್ನಂತೂ ಕತ್ತರಿಸಿ ತೆಗೆದಿರುತ್ತಾರೆ. ಕಲಿಯಬೇಕಾದದ್ದು ಆ ಕತ್ತರಿಸಿದ ಭಾಗದಲ್ಲಿಯೇ ಇತ್ತು.

ಕಾಗದದ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ನೀನು ಮಾಡಬೇಡ. ದುಬಾರಿ ಬಣ್ಣ ಕೊಂಡು, ಅಭ್ಯಾಸಕ್ಕೆ ತಾನೇ ಎಂದು ಅಗ್ಗದ ಕಾಗದ ತಂದಿದ್ದೆ. ಇದು ಪೂರ್ತಿ ತಿರುಗುಮುರುಗು. ಒಳ್ಳೆಯ ಜಲವರ್ಣ ಕಾಗದವನ್ನು ಹತ್ತಿಯ ನಾರಿನಿಂದ ಮಾಡಿ, ನೀರನ್ನು ಒಮ್ಮೆಲೇ ಹೀರದಂತೆ ಜೆಲಟಿನ್‌ನಂಥ ಅಂಟನ್ನು ಅದಕ್ಕೆ ಊಡಿಸಿರುತ್ತಾರೆ. ಆದ್ದರಿಂದಲೇ ಮೇಲೆ ಹೇಳಿದ ನಾಲ್ಕು ಅವಸ್ಥೆಗಳ ನಡುವೆ ನಮಗೆ ಯೋಚಿಸಲು ಬಿಡುವು ಸಿಗುತ್ತದೆ. ಅಗ್ಗದ ಹಾಳೆಯಲ್ಲಿ ಬಣ್ಣ ಇಟ್ಟಲ್ಲಿಯೇ ಇಂಗಿಹೋಗುತ್ತದೆ, ಒದ್ದೆ ಕುಂಚದಿಂದ ಅದನ್ನು ಎತ್ತಿ ತಿಳಿಗೊಳಿಸಲೂ ಆಗುವುದಿಲ್ಲ, ಕಲಿಯುವವನು ದೋಷ ತನ್ನ ಕೈಯದೆಂದು ಕೊರಗುತ್ತಾನೆ. 300 ಜಿಎಸ್‌ಎಂ, ಅಂದರೆ ಒಂದು ಚದರ ಮೀಟರಿಗೆ 300 ಗ್ರಾಂ ತೂಗುವ, ನಡುತರದ ತರಿಯಿರುವ ಕೋಲ್ಡ್ ಪ್ರೆಸ್ ಕಾಗದವನ್ನು ತೆಗೆದುಕೊ. ದೊಡ್ಡ ಹಾಳೆಯನ್ನು ಎಂಟು ತುಂಡು ಮಾಡಿ ಎರಡು ಬದಿಯಲ್ಲೂ ಬರೆದರೆ ಅಷ್ಟೇನೂ ದುಂದಾಗುವುದಿಲ್ಲ.

ಬಣ್ಣದ ಬಗ್ಗೆ ಹೆಚ್ಚು ಬರೆಯಲಾರೆ, ಏಕೆಂದರೆ ಅದನ್ನು ಎಲ್ಲರೂ ಹೇಳುತ್ತಾರೆ. ಟ್ಯೂಬಿನ ಮೇಲಿನ ಆಕರ್ಷಕ ಹೆಸರನ್ನು ಬಿಟ್ಟು ವರ್ಣದ್ರವ್ಯದ ಸಂಕೇತವನ್ನು ಓದುವ ಅಭ್ಯಾಸವನ್ನಂತೂ ಮಾಡಿಕೊ. ಪಿಬಿ 29 ಎಂದಿದ್ದರೆ ಅದು ಅಲ್ಟ್ರಾಮರೀನ್ ನೀಲಿ, ಅದರ ಕಣಗಳು ಕಾಗದದ ತಗ್ಗುಗಳಲ್ಲಿ ಕೂತು ತರಿತರಿಯಾಗಿ ಕಾಣುತ್ತವೆ. ಪಿಬಿ 15 ಎಂದಿದ್ದರೆ ಥ್ಯಾಲೋ ನೀಲಿ, ಒಮ್ಮೆ ಹಿಡಿಯಿತೆಂದರೆ ಬಿಡುವುದಿಲ್ಲ. ಪಿಆರ್ 83 ಎಂಬ ಅಲಿಜರಿನ್ ಕ್ರಿಮ್ಸನ್ ಕೆಂಪು ಎಷ್ಟೇ ಚೆಂದವಿದ್ದರೂ ಬೆಳಕಿಗೆ ಮಾಸುತ್ತದೆ. ಪ್ರತಿಯೊಂದು ಬಣ್ಣವೂ ಒಣಗಿದ ಮೇಲೆ ಒಂದೆರಡು ಛಾಯೆ ತಿಳಿಯಾಗುತ್ತದೆ ಎಂಬುದನ್ನು ನಮ್ಮ ಶಿಕ್ಷಕಿ ಒಂದೇ ಬಣ್ಣ ತಿಳಿಯಿಂದ ಗಾಢಕ್ಕೆ ಹೋಗುವ ಒಂಬತ್ತು ಮೆಟ್ಟಿಲುಗಳ ಪಟ್ಟಿಯನ್ನು ವಾರವಾರವೂ ಬರೆಸಿ ಮನಗಾಣಿಸಿದರು. ಅಷ್ಟು ಬೇಸರದ ಕೆಲಸ ಇನ್ನೊಂದಿಲ್ಲ, ಅಷ್ಟು ಉಪಯೋಗದ್ದೂ ಇಲ್ಲ.

ಅವರ ಇನ್ನೊಂದು ಗುಣವನ್ನು ಹೇಳಲೇಬೇಕು: ಅವರು ನನ್ನ ಹಾಳೆಯ ಮೇಲೆ ಎಂದೂ ತಮ್ಮ ಕುಂಚವಿಟ್ಟವರಲ್ಲ. ತಪ್ಪು ಕಂಡರೆ ಬೇರೆ ತುಂಡಿನ ಮೇಲೆ ಮಾಡಿ ತೋರಿಸುತ್ತಿದ್ದರು. ತಿದ್ದಿಕೊಟ್ಟ ಚಿತ್ರವನ್ನು ನಾಲ್ಕು ಜನ ಮೆಚ್ಚಬಹುದು, ಆದರೆ ಅದನ್ನು ನೋಡಿದಾಗಲೆಲ್ಲ ನಮ್ಮ ಕಣ್ಣು ಅವರು ತಿದ್ದಿದ ಮೂಲೆಗೇ ಹೋಗುತ್ತದೆ. ತಿಂಗಳಿಗೊಮ್ಮೆ ಎಲ್ಲರ ಚಿತ್ರಗಳನ್ನೂ ಗೋಡೆಗೆ ಅಂಟಿಸಿ ಹತ್ತು ಅಡಿ ದೂರದಿಂದ ನೋಡಿಸುತ್ತಿದ್ದರು. ಮೇಜಿನ ಮೇಲೆ ಮುದ್ದಾಗಿ ಕಂಡದ್ದು ಗೋಡೆಯ ಮೇಲೆ ಮಂಕಾಗಿರುವುದನ್ನು ಅಲ್ಲಿ ಬಾಯಿಮುಚ್ಚಿಕೊಂಡು ಒಪ್ಪಬೇಕಾಗುತ್ತಿತ್ತು.

ಹಾಗೆಂದು ಕಾರ್ಯಾಗಾರ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಇಂಗ್ಲೆಂಡಿನ ಚಿತ್ರಕಾರ ಟರ್ನರ್ 1818ರಲ್ಲಿ ತನ್ನ ಆಪ್ತ ಫಾಕ್ಸ್ ಎಂಬವರ ಮನೆಯಲ್ಲಿ ಒಂದು ಯುದ್ಧನೌಕೆಯ ಜಲವರ್ಣವನ್ನು ಬರೆದಾಗ, ಆ ಮನೆಯ ಹುಡುಗ ಬೆಳಗಿನಿಂದ ಪಕ್ಕದಲ್ಲಿಯೇ ಕುಳಿತು ನೋಡಿದ್ದನಂತೆ: ಕಾಗದ ತೋಯುವಷ್ಟು ಬಣ್ಣ ಸುರಿದು, ಕೆರೆದು, ಉಜ್ಜಿ, ಎಲ್ಲವೂ ಅಧ್ವಾನವಾಗಿ ಕಂಡ ಮೇಲೆ ಅದರೊಳಗಿಂದ ಮೆಲ್ಲನೆ ಹಡಗು ಮೂಡಿ ಬಂತೆಂದು ಆ ಮನೆಯವರು ನೆನಪಿಟ್ಟು ಹೇಳಿದ್ದಾರೆ. ಅದಕ್ಕಿಂತ ದೊಡ್ಡ ಪ್ರಾತ್ಯಕ್ಷಿಕೆಯನ್ನು ಯಾವ ಕಾರ್ಯಾಗಾರವೂ ನಮಗೆ ಕೊಡಲಾರದು, ಆದರೂ ಆ ಹುಡುಗ ಟರ್ನರ್ ಆಗಲಿಲ್ಲ. ನೋಡಿದ್ದು ಕೈಗೆ ಇಳಿಯಬೇಕಾದರೆ ಕೈಯಲ್ಲಿ ಮೊದಲೇ ಒಂದು ಪ್ರಶ್ನೆಯಿರಬೇಕು.

ನಾನು ಎರಡನೆಯ ಕಾರ್ಯಾಗಾರಕ್ಕೆ ಹೋದದ್ದು ಒಂದೂವರೆ ವರ್ಷದ ತರಗತಿಯ ಬಳಿಕ, ಮರದ ಎಲೆಗಳ ಅಂಚು ಏಕೆ ಕತ್ತರಿಸಿ ಅಂಟಿಸಿದಂತಾಗುತ್ತದೆ ಎಂಬ ಒಂದೇ ಪ್ರಶ್ನೆಯನ್ನು ಇಟ್ಟುಕೊಂಡು. ಈ ಸಲ ಹಾಳೆಯನ್ನು ಬಿಟ್ಟು ಕಲಾವಿದರ ಎಡಗೈಯನ್ನು ನೋಡಿದೆ. ಅದರಲ್ಲೊಂದು ಬಟ್ಟೆಯಿತ್ತು. ಬಣ್ಣ ಅದ್ದಿಕೊಂಡ ಪ್ರತಿ ಸಲವೂ ಕುಂಚವನ್ನು ಅದಕ್ಕೊಮ್ಮೆ ತಾಗಿಸಿ, ಹಾಳೆಯಲ್ಲಿರುವುದಕ್ಕಿಂತ ಕುಂಚದಲ್ಲಿ ನೀರು ಕಡಿಮೆ ಮಾಡಿಕೊಂಡೇ ಅವರು ಹಚ್ಚುತ್ತಿದ್ದರು. ಮೊದಲ ಕಾರ್ಯಾಗಾರದ ಕಲಾವಿದರ ಕೈಯಲ್ಲೂ ಅಂಥದೊಂದು ಬಟ್ಟೆ ಇದ್ದಿರಬೇಕು, ನನಗೆ ಕಂಡಿರಲಿಲ್ಲ ಅಷ್ಟೆ. ಅಂದು ನಾನು ಚಿತ್ರವನ್ನೇ ಮುಗಿಸಲಿಲ್ಲ, ಟಿಪ್ಪಣಿ ಮಾತ್ರ ಆರು ಪುಟವಾಗಿತ್ತು.

ಆದ್ದರಿಂದ ಹತ್ತು ಹನ್ನೆರಡು ಜನಕ್ಕಿಂತ ಹೆಚ್ಚಿಲ್ಲದ ತರಗತಿಯೊಂದನ್ನು ಹುಡುಕು. ಮೊದಲ ತಿಂಗಳಲ್ಲಿ ಏನು ಮಾಡಿಸುತ್ತೀರಿ ಎಂದು ಕೇಳು. ನಾಲ್ಕು ವಾರದಲ್ಲಿ ನಾಲ್ಕು ಚಿತ್ರ ಎಂದರೆ ಎರಡು ಸಲ ಯೋಚಿಸು. ಸಾಮಗ್ರಿಗೆಂದು ಉದ್ದನೆಯ ಪಟ್ಟಿ ಕೊಟ್ಟರೆ ಅದರಲ್ಲಿ ಅರ್ಧವನ್ನೂ ಕೊಳ್ಳಬೇಡ. ಕೆಂಪು, ಹಳದಿ, ನೀಲಿ ಎಂಬ ಮೂರು ಮೂಲವರ್ಣಗಳಲ್ಲಿ ಕಣ್ಣಿಗೆ ತಂಪೆನಿಸುವ ಛಾಯೆಯದೊಂದು, ಬಿಸುಪೆನಿಸುವ ಛಾಯೆಯದೊಂದು ಎಂದು ಆರು ಟ್ಯೂಬು, ಮೊನೆ ಚೂಪಾಗಿ ಕೂಡುವ ದುಂಡನೆಯ ದೊಡ್ಡ ಕುಂಚ ಒಂದು, ಚಪ್ಪಟೆಯದೊಂದು, ನೀರಿಗೆ ಎರಡು ಪಾತ್ರೆ, ಮತ್ತು ಒಂದು ಹಳೆಯ ಬಟ್ಟೆ. ಬಟ್ಟೆಯನ್ನು ಮರೆಯಬೇಡ.

ಇಷ್ಟು ಬರೆಯುವ ನಡುವೆ ಮೂರು ಸಲ ಎದ್ದು ಹಾಳೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿ ನೋಡಿದೆ. ಎರಡು ಸಲ ತಣ್ಣಗಿತ್ತು. ಈಗ ಇಲ್ಲ, ಬೆಟ್ಟಗಳನ್ನು ಬರೆಯಲು ಹೊರಟೆ.

ನಿನ್ನ ಗೆಳೆಯ