ಬೆಂಕಿಗೆ ಹೆದರಿದವನ ಮನೆ

ಪ್ರೀತಿಯ ಗೆಳೆಯಾ,

ಶಿಕಾಗೋಗೆ ಬಂದು ಮೂರು ವಾರ ಆಯಿತು. ಹೊರಡುವಾಗ ನೀನು ಹೇಳಿದ ಮಾತು ಮರೆತಿಲ್ಲ. "ಬರೀ ಎತ್ತರದ ಕಟ್ಟಡ ನೋಡಿ ಕತ್ತು ನೋಯಿಸಿಕೊಂಡು ಬರಬೇಡ. ಒಂದಾದರೂ ಹಳೇ ಮನೆ ಹೊಕ್ಕು, ಮರದ ಕೆಲಸ ಹೇಗಿದೆ ಅಂತ ಬರಿ" ಅಂದಿದ್ದೆ. ಮೊನ್ನೆ ಹೊಕ್ಕೆ. ಒಂದು ಗಂಟೆಯಲ್ಲಿ ನೋಡಿ ಮುಗಿಸೋಣ ಅಂತ ಹೋದವನು ಬಾಗಿಲು ಹಾಕುವ ಹೊತ್ತಿಗೆ ಹೊರಗೆ ಬಂದೆ. ಅಷ್ಟರಲ್ಲಿ ಮಗಳು ಎರಡು ಸಲ ಫೋನ್ ಮಾಡಿದ್ದಳು. ಚೆನ್ನಾಗಿ ಬೈಸಿಕೊಂಡೆ.

ಆ ಮನೆಗೆ ಈಗ ಡ್ರೀಹೌಸ್ ಮ್ಯೂಸಿಯಂ ಅಂತ ಹೆಸರು. ಈಸ್ಟ್ ಈರಿ ಸ್ಟ್ರೀಟ್‌ನಲ್ಲಿ 40ನೇ ನಂಬರ್. ಅಂಗಡಿಗಳೇ ತುಂಬಿರುವ ಮಿಷಿಗನ್ ಅವೆನ್ಯೂದಿಂದ ನಡೆದುಹೋಗುವಷ್ಟು ಹತ್ತಿರ. ಸುತ್ತ ಗಾಜಿನ ಗೋಪುರಗಳು, ನಡುವೆ ಮೂರು ಅಂತಸ್ತಿನ ಈ ಕಲ್ಲಿನ ಮನೆ. ಹೊರಗಿಂದ ನೋಡಿದರೆ ಮನೆ ಅನಿಸುವುದೇ ಇಲ್ಲ, ಬ್ಯಾಂಕಿನ ಹಾಗಿದೆ. ಕಟ್ಟಿಸಿದವನೂ ಬ್ಯಾಂಕಿನವನೇ ಬಿಡು.

ಸ್ಯಾಮ್ಯುಯೆಲ್ ನಿಕರ್‌ಸನ್ ಅಂತ ಅವನ ಹೆಸರು. ಮ್ಯಾಸಚುಸೆಟ್ಸ್ ಕಡೆಯಿಂದ ಬಂದವನು. 1858ರಲ್ಲಿ ಶಿಕಾಗೋಗೆ ಬಂದು ಮೊದಲು ಮದ್ಯ ಬಟ್ಟಿ ಇಳಿಸುವ ಉದ್ಯಮದಲ್ಲಿ ಹಣ ಮಾಡಿದ. ಆಮೇಲೆ ಫಸ್ಟ್ ನ್ಯಾಷನಲ್ ಬ್ಯಾಂಕಿನ ಅಧ್ಯಕ್ಷನಾದ. ಹಣ ಬಂತು, ಮನೆಯೂ ಆಯಿತು. ಆ ಮನೆ 1871ರಲ್ಲಿ ಸುಟ್ಟುಹೋಯಿತು.

ಈ ಊರಿನಲ್ಲಿ 1871 ಅಂದರೆ ಸಾಕು, ಯಾವ ಬೆಂಕಿ ಅಂತ ಯಾರೂ ಕೇಳುವುದಿಲ್ಲ. ಆ ವರ್ಷ ಅಕ್ಟೋಬರ್ 8ರ ರಾತ್ರಿ ಹತ್ತಿದ ಬೆಂಕಿ 10ರವರೆಗೂ ಉರಿಯಿತು. ಸುಮಾರು 300 ಜನ ಸತ್ತರು. 17,000ಕ್ಕೂ ಹೆಚ್ಚು ಕಟ್ಟಡ ಬೂದಿಯಾದವು. ಒಂದು ಲಕ್ಷ ಜನರಿಗೆ ಸೂರಿಲ್ಲದ ಹಾಗಾಯಿತು, ಅಂದರೆ ಊರಿನಲ್ಲಿ ಮೂವರಿಗೆ ಒಬ್ಬರು. ಆಗ ಮನೆಗಳು ಮರದವು, ಎಷ್ಟೋ ಕಡೆ ರಸ್ತೆ ಬದಿಯ ಕಾಲುದಾರಿಯೂ ಮರದ ಹಲಗೆಯದೇ. ಇನ್ನು ಬೆಂಕಿಗೆ ಬೇರೇನು ಬೇಕು? ಒಬ್ಬ ಬಡ ಹೆಂಗಸಿನ ಹಸು ಲಾಟೀನು ಒದ್ದಿದ್ದೇ ಕಾರಣ ಅಂತ ಪತ್ರಿಕೆಯವರು ಕಥೆ ಕಟ್ಟಿದ್ದರು. ಪಾಪ, ಆ ಹೆಂಗಸು ಸಾಯುವವರೆಗೂ ಆ ಮಾತು ಹೊತ್ತುಕೊಂಡೇ ಇದ್ದಳು. 1997ರಲ್ಲಿ ನಗರಸಭೆ ಅವಳದ್ದೂ ಹಸುವಿನದ್ದೂ ತಪ್ಪಿಲ್ಲ ಅಂತ ಠರಾವು ಮಾಡಿತು. ನೂರಿಪ್ಪತ್ತಾರು ವರ್ಷ ಬೇಕಾಯಿತು ನೋಡು, ಒಂದು ಹಸುವಿಗೆ ನ್ಯಾಯ ಸಿಗಲು.

ಸರಿ, ನಿಕರ್‌ಸನ್ ವಿಷಯಕ್ಕೆ ಬರುತ್ತೇನೆ. 1879ರಲ್ಲಿ ಹೊಸ ಮನೆಗೆ ಕೈ ಹಾಕಿದ. ಬರ್ಲಿಂಗ್ ಅಂಡ್ ವೈಟ್‌ಹೌಸ್ ಎಂಬ ವಾಸ್ತುಶಿಲ್ಪಿಗಳಿಗೆ ಕೆಲಸ ಒಪ್ಪಿಸಿದ. ಬೆಂಕಿ ಬಿದ್ದರೂ ಉರಿಯದ ಮನೆ ಅವನಿಗೆ ಬೇಕಿತ್ತು. 1883ರಲ್ಲಿ ಮುಗಿಯಿತು. 24,000 ಚದರ ಅಡಿ, ಖರ್ಚು ನಾಲ್ಕೂವರೆ ಲಕ್ಷ ಡಾಲರ್. ವಾಸಕ್ಕೆ ಗಂಡ, ಹೆಂಡತಿ, ಒಬ್ಬ ಮಗ. ಕೆಲಸದವರನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಂಥ ಮನೆಗಳಲ್ಲಿ ಅವರನ್ನು ಯಾರೂ ಹಿಡಿಯುತ್ತಿರಲಿಲ್ಲ, ಅಲ್ವಾ?

ಒಳಗೆ ಕಾಲಿಟ್ಟ ಕೂಡಲೇ ತಣ್ಣಗೆ ಅನಿಸಿತು. ಎದುರಿಗೇ ದೊಡ್ಡ ಹಜಾರ. ಗೋಡೆ, ಕಂಬ, ಮೆಟ್ಟಿಲು, ನೆಲ ಎಲ್ಲ ಕಲ್ಲು. ಹದಿನೇಳು ಬಗೆಯ ಅಮೃತಶಿಲೆ ತಂದು ಹಾಕಿದ್ದಾರಂತೆ. ಆ ಕಾಲದ ಜನ ಇದನ್ನು "ಮಾರ್ಬಲ್ ಪ್ಯಾಲೇಸ್" ಅಂತಲೇ ಕರೆಯುತ್ತಿದ್ದರು. ನಾನು ಹದಿನೇಳನ್ನೂ ಎಣಿಸಬೇಕು ಅಂತ ಹೊರಟೆ. ಬಿಳಿ, ಹಸಿರು ಗೆರೆಯದು, ಜೇನಿನ ಬಣ್ಣದ್ದು, ಹಸಿ ಮಾಂಸದ ಹಾಗೆ ಕೆಂಪಗಿರುವುದು. ಒಂಬತ್ತಕ್ಕೆ ಲೆಕ್ಕ ತಪ್ಪಿತು, ಬಿಟ್ಟೆ. ಮೆಟ್ಟಿಲ ಕಟಾಂಜನದ ಸಣ್ಣ ಕಂಬಗಳು ಅಲಬಾಸ್ಟರ್ ಎಂಬ ಮೆದು ಕಲ್ಲಿನವು. ಬೆಳಕು ಅದರ ಮೇಲೆ ಬಿದ್ದು ಹಾಗೇ ಜಾರಿಹೋಗುವುದಿಲ್ಲ. ಒಂದಿಷ್ಟು ಒಳಗೆ ಇಳಿಯುತ್ತದೆ. ಕೈಯಿಟ್ಟು ನೋಡುವ ಆಸೆಯಾಗಿ ಬೆರಳು ಚಾಚಿದೆ. ಹಿಂದಿನಿಂದ ಒಬ್ಬರು ಮೆಲ್ಲಗೆ ಕೆಮ್ಮಿದರು. ಕಾವಲಿನವರು. ಕೈ ಜೇಬಿಗೆ ಹೋಯಿತು.

ಇದೆಲ್ಲ ಶೋಕಿ ಅಂತ ಮೊದಲು ಅಂದುಕೊಂಡೆ. ಶೋಕಿ ಹೌದು, ಇಲ್ಲ ಅಂತಲ್ಲ. ಆದರೆ ಆ ಹಜಾರದಲ್ಲಿ ಸ್ವಲ್ಪ ಹೊತ್ತು ನಿಂತರೆ ಇನ್ನೊಂದೂ ಕಾಣುತ್ತದೆ. ಇದು ಒಮ್ಮೆ ಎಲ್ಲ ಸುಟ್ಟುಹೋದದ್ದನ್ನು ಕಂಡವನು ಕಟ್ಟಿಸಿದ ಮನೆ. ಗೋಡೆಯೊಳಗೆ ದಪ್ಪ ದಪ್ಪ ಇಟ್ಟಿಗೆ, ಮೇಲೆ ಕಲ್ಲು. ಅವನ ಹೆದರಿಕೆಯೇ ಅಷ್ಟು ಚಂದಕ್ಕೆ ಹೊಳಪು ಕೊಟ್ಟುಕೊಂಡು ನಿಂತಿದೆ.

ತಮಾಷೆ ಏನು ಗೊತ್ತಾ? ಹಜಾರ ದಾಟಿ ಕೋಣೆಗಳಿಗೆ ಹೋದರೆ ಎಲ್ಲಿ ನೋಡಿದರೂ ಮರ! ಹೆದರಿಕೆ ಹಜಾರಕ್ಕೆ ಮುಗಿಯಿತು ಅಂತ ಕಾಣುತ್ತದೆ. ನೀನು ಕಾದಿದ್ದು ಇದಕ್ಕೇ ಅಲ್ವಾ, ಹೇಳುತ್ತೇನೆ ಕೇಳು.

ಊಟದ ಕೋಣೆ ನೋಡಿ ನಿನ್ನನ್ನು ನೆನೆಸಿಕೊಂಡೆ. ಓಕ್ ಮರ. ಗೋಡೆಗೆ ಹೊದಿಸಿದ ಹಲಗೆ, ಗೋಡೆಗೇ ಸೇರಿಸಿ ಮಾಡಿದ ಪಾತ್ರೆ ಬೀರು, ಅಗ್ಗಿಷ್ಟಿಕೆಯ ಸುತ್ತಿನ ಚೌಕಟ್ಟು ಎಲ್ಲ ಒಂದೇ ಕೈ ಮಾಡಿದ ಹಾಗೆ. ಕೆತ್ತನೆ ಆಳವಾಗಿದೆ, ಆದರೆ ಅಂಚು ಎಲ್ಲೂ ಒಡೆದಿಲ್ಲ. ನೂರ ನಲವತ್ತು ವರ್ಷ ದಾಟಿದ ಮರ ಎಲ್ಲಾದರೂ ಬಿರಿದಿರಬೇಕು ಅಂತ ಬಗ್ಗಿ ಬಗ್ಗಿ ಹುಡುಕಿದೆ. ನನ್ನ ಕಣ್ಣಿಗೆ ಸಿಗಲಿಲ್ಲ. ನಿನ್ನ ಕಣ್ಣಿಗೆ ಸಿಗುತ್ತಿತ್ತೇನೋ. ನೆಲ ನೋಡಬೇಕಿತ್ತು ನೀನು. ಬೇರೆ ಬೇರೆ ಬಣ್ಣದ ಮರದ ತುಂಡುಗಳನ್ನು ಸೇರಿಸಿ ಚಿತ್ತಾರ ಮಾಡಿದ್ದಾರೆ. ಒಂದು ಕೋಣೆಯ ಹಾಗೆ ಇನ್ನೊಂದಿಲ್ಲ. ಇಷ್ಟು ಕೆತ್ತನೆ ನೋಡಿ ನೋಡಿ ನನಗೆ ನಡುವೆ ಉಸಿರು ಕಟ್ಟಿತು ಅಂತಲೂ ಹೇಳಿಬಿಡುತ್ತೇನೆ. ಒಂದು ಗೋಡೆಯನ್ನಾದರೂ ಖಾಲಿ ಬಿಡಬಾರದಿತ್ತೇ?

ಸಿಗಾರ್ ಸೇದುವ ಕೋಣೆ ಒಂದಿದೆ. ಬೆಂಕಿಗೆ ಹೆದರಿದವನು ಹೊಗೆ ಬಿಡುವುದಕ್ಕೆ ಅಂತಲೇ ಕೋಣೆ ಕಟ್ಟಿಸಿದ್ದಾನೆ, ಮಾರಾಯ! ಅಲ್ಲಿ ಮಾತ್ರ ಗೋಡೆಗೆಲ್ಲ ಟೈಲ್ಸ್. ಅರಬ್ಬರ ಮನೆಗಳ ಮಾದರಿಯ ವಿನ್ಯಾಸ. ಟೈಲ್ಸ್‌ಗೆ ಹೊಗೆಯ ವಾಸನೆ ಹಿಡಿಯುವುದಿಲ್ಲ, ಒರೆಸಿದರೆ ಹೋಯಿತು. ಮೂರನೇ ಅಂತಸ್ತಿನಲ್ಲಿ ನೃತ್ಯ ಮಾಡುವ ದೊಡ್ಡ ಕೋಣೆ. ನನಗೆ ಅಲ್ಲಿ ಹೆಚ್ಚೇನೂ ಅನಿಸಲಿಲ್ಲ.

1900ರಲ್ಲಿ ನಿಕರ್‌ಸನ್ ಮನೆ ಮಾರಿದ. ತಾನು ಕೂಡಿಟ್ಟಿದ್ದ ಏಷ್ಯಾದ ಕಲಾವಸ್ತುಗಳನ್ನು ಊರಿನ ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಕೊಟ್ಟುಬಿಟ್ಟ. ಮನೆ ಕೊಂಡವನು ಲೂಷಿಯಸ್ ಫಿಶರ್. ಅವನ ಸಂಪತ್ತು ಬಂದದ್ದು ಕಾಗದದ ಚೀಲದಿಂದ! ಸ್ಪಿರಿಟ್ ಮಾರಿದವನು ಕಟ್ಟಿದ ಮನೆಯನ್ನು ಕಾಗದ ಮಾರಿದವನು ಕೊಂಡ. ಬೇಗ ಬೆಂಕಿ ಹಿಡಿಯುವ ಎರಡು ಸಾಮಾನಿನ ದುಡ್ಡು ಸೇರಿ ಬೆಂಕಿ ಹಿಡಿಯದ ಮನೆಯನ್ನು ಸಾಕಿತು. ಫಿಶರ್‌ಗೆ ಬೇಟೆಯ ಹುಚ್ಚು, ಅಪರೂಪದ ಪುಸ್ತಕದ ಹುಚ್ಚು. ನಿಕರ್‌ಸನ್ ಚಿತ್ರಗಳನ್ನು ಇಟ್ಟಿದ್ದ ಕೋಣೆಯನ್ನು ಜಾರ್ಜ್ ಮಾಹರ್ ಎಂಬ ವಾಸ್ತುಶಿಲ್ಪಿಯ ಕೈಯಲ್ಲಿ ಪೂರ್ತಿ ಬದಲಾಯಿಸಿದ. ಮೇಲೆ ಬಣ್ಣದ ಗಾಜಿನ ಗುಮ್ಮಟ, ಕೆಳಗೆ ಅಗ್ಗಿಷ್ಟಿಕೆಗೆ ಹೊಳೆಯುವ ಗಾಜಿನ ಚೂರುಗಳ ಅಲಂಕಾರ. ಇಡೀ ಮನೆಯಲ್ಲಿ ನನಗೆ ಹೆಚ್ಚು ಇಷ್ಟವಾದದ್ದು ಇದೇ. ಮನೆ ಕಟ್ಟಿ ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಜನರ ರುಚಿ ಎಷ್ಟು ಬದಲಾಗಿತ್ತು ಅನ್ನುವುದು ಆ ಬಾಗಿಲು ದಾಟಿದ ಕೂಡಲೇ ಗೊತ್ತಾಗುತ್ತದೆ. ಮೊದಲಿನವರಿಗೆ ತುಂಬಿಸುವ ಆಸೆ. ಇವನಿಗೆ ಬೆಳಕಿನ ಆಸೆ.

ಫಿಶರ್ 1916ರಲ್ಲಿ ತೀರಿಕೊಂಡ. ಅಷ್ಟು ದೊಡ್ಡ ಮನೆಯನ್ನು ಸಾಕುವವರು ಯಾರು? 1919ರಲ್ಲಿ ಊರಿನ ನೂರಕ್ಕೂ ಹೆಚ್ಚು ಜನ ಹಣ ಹಾಕಿ ಕೊಂಡು, ಅಮೆರಿಕನ್ ಕಾಲೇಜ್ ಆಫ್ ಸರ್ಜನ್ಸ್ ಎಂಬ ಶಸ್ತ್ರವೈದ್ಯರ ಸಂಘಕ್ಕೆ ಕೊಟ್ಟರು. ನಲವತ್ತಕ್ಕೂ ಹೆಚ್ಚು ವರ್ಷ ಅದು ಅವರ ಕಚೇರಿ. ಒಳಗಿನ ಕೆಲಸ ಇಷ್ಟರ ಮಟ್ಟಿಗೆ ಉಳಿದದ್ದು ಅವರಿಂದ. ಸುತ್ತಮುತ್ತಲಿನ ಶ್ರೀಮಂತರ ಮನೆಗಳು ಒಂದೊಂದಾಗಿ ಹೋಟೆಲಿಗೋ ಪಾರ್ಕಿಂಗಿಗೋ ಜಾಗ ಬಿಟ್ಟುಕೊಟ್ಟವು.

ಆದರೆ ಹೊರಗಿನ ಗೋಡೆ? ಅದು ಕರ್ರಗಾಗಿಬಿಟ್ಟಿತ್ತು. ಊರು ತುಂಬ ಕಲ್ಲಿದ್ದಲು ಉರಿಸುತ್ತಿದ್ದ ಕಾಲ. ಕಾರ್ಖಾನೆ, ರೈಲು, ಮನೆಯ ಒಲೆ ಎಲ್ಲದರ ಮಸಿ ಆ ಮರಳುಗಲ್ಲಿಗೆ ಅಂಟಿತ್ತು. ಬೆಂಕಿಯನ್ನು ಹೊರಗಿಟ್ಟ ಮನೆ ಹೊಗೆಯಿಂದ ತಪ್ಪಿಸಿಕೊಳ್ಳಲಿಲ್ಲ. ಬಿಳಿಚಿಕೊಂಡ ಕಲ್ಲಿನ ಈಗಿನ ಗೋಡೆ ನೋಡಿದರೆ ನಂಬುವುದು ಕಷ್ಟ.

2003ರಲ್ಲಿ ಇದನ್ನು ಕೊಂಡವರು ರಿಚರ್ಡ್ ಡ್ರೀಹೌಸ್. ಶೇರು ಹೂಡಿಕೆಯಲ್ಲಿ ಹಣ ಮಾಡಿದ ಶಿಕಾಗೋದವರೇ. ಚಿಕ್ಕಂದಿನಲ್ಲಿ ಹಳೇ ನಾಣ್ಯ ಕೂಡಿಸುತ್ತಿದ್ದ ಹುಡುಗ, ದೊಡ್ಡವನಾದ ಮೇಲೆ ಮನೆಗಳನ್ನೇ ಕೂಡಿಸಿದ. ಐದು ವರ್ಷ ದುರಸ್ತಿ ನಡೆಯಿತು. ಮಸಿ ತೆಗೆಯುವುದೇ ದೊಡ್ಡ ತಲೆನೋವು. ಮರಳುಗಲ್ಲು ಮೆದು. ಮರಳು ಊದಿ ಉಜ್ಜಿದರೆ ಕೆತ್ತನೆಯೇ ಹೋಗುತ್ತದೆ. ರಾಸಾಯನಿಕ ಹಚ್ಚಿದರೆ ಕಲ್ಲು ಹೀರಿಕೊಳ್ಳುತ್ತದೆ. ಕಡೆಗೆ ಲೇಸರ್ ಹಿಡಿದರು. ಉಪಾಯ ಬಹಳ ಸರಳ. ಕಪ್ಪು ಮಸಿ ಬೆಳಕನ್ನು ನುಂಗಿ ಕಾಯುತ್ತದೆ, ಕಾದು ಸಿಡಿದು ಹೋಗುತ್ತದೆ. ಕೆಳಗಿನ ತಿಳಿಬಣ್ಣದ ಕಲ್ಲು ಅದೇ ಬೆಳಕನ್ನು ತಿರುಗಿಸಿ ಕಳಿಸುತ್ತದೆ, ಅದಕ್ಕೆ ಏನೂ ಆಗುವುದಿಲ್ಲ. ಹೀಗೆ ಇಡೀ ಮನೆಯ ಹೊರಮೈಯನ್ನು ಅಂಗುಲ ಅಂಗುಲವಾಗಿ ತೊಳೆದರು. ತೊಳೆದರು ಅನ್ನಬೇಕೋ ಸುಟ್ಟರು ಅನ್ನಬೇಕೋ, ನೀನೇ ಹೇಳು.

2008ರಲ್ಲಿ ಮ್ಯೂಸಿಯಂ ಶುರುವಾಯಿತು. ಡ್ರೀಹೌಸ್ 2021ರಲ್ಲಿ ತೀರಿಕೊಂಡರು. ಮನೆಯ ಹಳೇ ಸಾಮಾನು ಒಂದಷ್ಟು ಇದೆ, ಉಳಿದ ಜಾಗದಲ್ಲಿ ಅವರು ಕೊಂಡು ತಂದವು. ಇಲ್ಲೊಂದು ನನ್ನ ತಕರಾರು. ಒಂದು ಕುರ್ಚಿ ನೋಡಿ, ಇಲ್ಲೇ ಕೂತು ನಿಕರ್‌ಸನ್ ಪೇಪರ್ ಓದಿರಬೇಕು ಅಂತ ನಾನು ಕಥೆ ಕಟ್ಟಿಕೊಳ್ಳುತ್ತಿದ್ದೆ. ಚೀಟಿ ಓದಿದರೆ ಅದು ಎಲ್ಲಿಂದಲೋ ಬಂದದ್ದು. ಪೆಚ್ಚಾದೆ. ಬಾಸ್ಟನ್‌ನಲ್ಲಿ ಇಸಬೆಲ್ಲಾ ಸ್ಟುವರ್ಟ್ ಗಾರ್ಡ್ನರ್ ಎಂಬಾಕೆ ಕಟ್ಟಿಸಿದ ಮ್ಯೂಸಿಯಂ ಇದೆ. ತಾನು ಜೋಡಿಸಿಟ್ಟ ಹಾಗೇ ಎಲ್ಲ ಇರಬೇಕು ಅಂತ ಉಯಿಲು ಬರೆದಿಟ್ಟು ಹೋದಳು. 1990ರಲ್ಲಿ ಅಲ್ಲಿಂದ 13 ಕಲಾಕೃತಿ ಕಳುವಾದವು. ಚಿತ್ರ ಕಿತ್ತ ಚೌಕಟ್ಟುಗಳು ಇವತ್ತಿಗೂ ಖಾಲಿಯಾಗಿ ಗೋಡೆಯ ಮೇಲಿವೆ. ಅದು ಹಟ. ಇಲ್ಲಿ ಅಂಥ ಹಟ ಇಲ್ಲ. ಮನೆ ಒಬ್ಬನದು, ಸಾಮಾನು ಇನ್ನೊಬ್ಬನದು, ಎರಡೂ ಒಂದೇ ಕಾಲದವು. ಆಮೇಲೆ ಯೋಚಿಸಿದರೆ ಖಾಲಿ ಕೋಣೆಗಿಂತ ಇದೇ ವಾಸಿ ಅನಿಸಿತು.

ಅವರು ತಂದ ಸಾಮಾನಿನಲ್ಲಿ ಟಿಫನಿ ದೀಪಗಳನ್ನು ಮಾತ್ರ ಮರೆಯಲಾರೆ. ಲೂಯಿಸ್ ಟಿಫನಿ ಗೊತ್ತಲ್ಲ, ಆಭರಣದ ಅಂಗಡಿಯ ಟಿಫನಿಯ ಮಗ. ಅಪ್ಪ ವಜ್ರ ಮಾರಿದರೆ ಮಗ ಗಾಜಿನ ಹಿಂದೆ ಬಿದ್ದ. ಈ ಗಾಜಿಗೆ ಬಣ್ಣ ಬಳಿದಿಲ್ಲ, ಕಾಯಿಸುವಾಗಲೇ ಒಳಗೆ ಸೇರಿಸಿದ್ದು. ಸಣ್ಣ ಸಣ್ಣ ತುಂಡು ಕತ್ತರಿಸಿ, ಪ್ರತಿಯೊಂದರ ಅಂಚಿಗೂ ತೆಳು ತಾಮ್ರದ ಪಟ್ಟಿ ಸುತ್ತಿ, ಬೆಸುಗೆ ಹಾಕಿ ಕೂಡಿಸುತ್ತಾರೆ. ಅವನ ಕಾರ್ಖಾನೆಯ ವಿಸ್ಟೀರಿಯಾ ಹೂವಿನ ದೀಪಕ್ಕೆ ಸುಮಾರು 2,000 ತುಂಡು ಬೇಕು. ಅದನ್ನು ವಿನ್ಯಾಸ ಮಾಡಿದವಳು ಕ್ಲಾರಾ ಡ್ರಿಸ್ಕಾಲ್, ಅಲ್ಲಿ ಗಾಜು ಕತ್ತರಿಸುವ ಹೆಂಗಸರ ವಿಭಾಗದ ಮುಖ್ಯಸ್ಥೆ. ಅವಳು ಮನೆಗೆ ಬರೆದ ಪತ್ರಗಳು ಸಿಕ್ಕಿ, 2007ರಲ್ಲಿ ನ್ಯೂಯಾರ್ಕ್‌ನಲ್ಲಿ ಅದರ ಮೇಲೆ ಪ್ರದರ್ಶನ ಆದ ಮೇಲೆ ಇದು ಜನರಿಗೆ ಗೊತ್ತಾಯಿತು. ಅಲ್ಲಿಯವರೆಗೆ ಎಲ್ಲ ಹೆಸರೂ ಟಿಫನಿಗೇ. ನಾವು ಬರೆಯುವ ಪತ್ರವನ್ನೂ ಎಸೆಯಬೇಡ ಕಣೋ, ಯಾರಿಗೆ ಗೊತ್ತು!

ಸಂಜೆಯಾಗುತ್ತಿತ್ತು. ಮನೆ ತುಂಬ ಅಗ್ಗಿಷ್ಟಿಕೆಗಳು, ಒಂದರಲ್ಲೂ ಒಂದು ಚಿಟಿಕೆ ಬೂದಿಯಿಲ್ಲ. ಉರಿಯುತ್ತಿದ್ದದ್ದು ಆ ದೀಪಗಳು ಮಾತ್ರ, ಅವೂ ಕರೆಂಟಿನಲ್ಲಿ. ಹೊರಗೆ ಬಂದ ಮೇಲೆ, ಯಾರೂ ಇಲ್ಲ ಅಂತ ನೋಡಿಕೊಂಡು, ಗೋಡೆಯ ಮೇಲೆ ಅಂಗೈ ಒತ್ತಿ ನೋಡಿದೆ. ಒಳಗೆ ಆಗದ್ದು ಹೊರಗಾದರೂ ಆಗಲಿ ಅಂತ. ಕೈ ಕಪ್ಪಾಗಲಿಲ್ಲ.

ಊಟದ ಕೋಣೆಯ ಮೂರು ಫೋಟೊ ಕಳಿಸಿದ್ದೇನೆ. ಎರಡನೆಯದನ್ನು ದೊಡ್ಡದು ಮಾಡಿ ನೋಡು. ಬೀರುವಿನ ಬಲಗಡೆ ಮೂಲೆಯಲ್ಲಿ ಹಲಗೆಗಳು ಸೇರುವ ಜಾಗದಲ್ಲಿ ಮೊಳೆಯೂ ಕಾಣುವುದಿಲ್ಲ, ಗೂಟವೂ ಕಾಣುವುದಿಲ್ಲ. ಹೇಗೆ ಕೂಡಿಸಿದ್ದಾರೆ ಅಂತ ಬರಿ. ನನಗೆ ಅದೊಂದು ಹುಳ ತಲೆಯಲ್ಲಿ ಹೊಕ್ಕಿದೆ.

ನಿನ್ನ
ಹಳೇ ಗೆಳೆಯ