ಗೊರಕೆ ಲೆಕ್ಕದ ಜೊತೆ ಎದೆಬಡಿತವನ್ನೂ ನೋಡಿ

ಮಾನ್ಯ ಸಂಪಾದಕರೇ,

ಗೊರಕೆ ಅಂದರೆ ನಮ್ಮ ಉಡುಪಿ ಕಡೆ ಈಗಲೂ ತಮಾಷೆಯೇ. ಆದರೆ ಗೊರಕೆಯ ನಡುವೆ ಉಸಿರು 10 ಸೆಕೆಂಡಿಗೂ ಜಾಸ್ತಿ ನಿಂತು ಮತ್ತೆ ಗಕ್ಕನೆ ಬಂದರೆ ಅದು ಸ್ಲೀಪ್ ಆಪ್ನಿಯಾ ಅನ್ನೋ ಕಾಯಿಲೆ ಇರಬಹುದು.

ಈಚೆಗೆ ಮಾವನವರಿಗೆ ಒಂದು ಆಸ್ಪತ್ರೆಯಲ್ಲಿ ನಿದ್ದೆಯ ಪರೀಕ್ಷೆ ಮಾಡಿಸಿದೆವು. ತಲೆಗೆಲ್ಲ ವೈರು, ಎದೆಗೂ ಹೊಟ್ಟೆಗೂ ಬೆಲ್ಟು, ಬೆರಳಿಗೆ ಕ್ಲಿಪ್ಪು, ಜೊತೆಗೆ ರಾತ್ರಿಯಿಡೀ ಇಸಿಜಿ. ಕೊನೆಗೆ ಹೇಳಿದ್ದು ಗಂಟೆಗೆ ಉಸಿರು ಎಷ್ಟು ಸಲ ತಡೆಯಿತು ಅನ್ನೋ ಒಂದೇ ಲೆಕ್ಕ. 30 ದಾಟಿದರೆ ತೀವ್ರವಂತೆ. ಸರಿ, ಇಸಿಜಿ? 'ನಾರ್ಮಲ್' ಅಂದರು, ಅಷ್ಟೇ.

ಸಾಮಾನ್ಯವಾಗಿ ಉಸಿರು ಎಳೆದಾಗ ಎದೆಬಡಿತ ಸ್ವಲ್ಪ ಜೋರಾಗುತ್ತದೆ, ಬಿಟ್ಟಾಗ ನಿಧಾನ. ಆಪ್ನಿಯಾದಲ್ಲಿ ಈ ಲಯ ಕೆಡುತ್ತದೆ: ಉಸಿರು ಕಟ್ಟಿದಾಗ ಬಡಿತ ಇಳಿಯುತ್ತದೆ, ಮೆದುಳು ಎಚ್ಚರಿಸಿದ ಕೂಡಲೇ ಬಡಿತವೂ ಬಿಪಿಯೂ ದಡಕ್ಕನೆ ಏರುತ್ತವೆ, ರಾತ್ರಿಯಿಡೀ ಇದೇ ಕತೆ. ಇಸಿಜಿ ಅಲೆಯ ಎತ್ತರವೂ ಉಸಿರಿನ ಜೊತೆ ಚೂರು ಬದಲಾಗುತ್ತದೆ, ಹಾಗಾಗಿ ಒಂದೇ ಇಸಿಜಿಯಿಂದ ಉಸಿರು, ಎದೆಬಡಿತ ಎರಡರ ಹೊಂದಾಣಿಕೆಯನ್ನು ಅಳೆಯಬಹುದು. ಬಾಸ್ಟನ್‌ನ ಸಂಶೋಧಕರು 2005ರಲ್ಲೇ ಈ ಕ್ರಮ ಪ್ರಕಟಿಸಿದ್ದಾರೆ.

ಇದೊಂದೇ ಸಾಕು ಅಂತಲ್ಲ. ಹಳೆಯ ಸಕ್ಕರೆ ಕಾಯಿಲೆ ಇದ್ದವರಲ್ಲಿ, ಎದೆಬಡಿತ ನಿಧಾನ ಮಾಡುವ ಬೀಟಾ ಬ್ಲಾಕರ್ ಮಾತ್ರೆ ತಿನ್ನುವವರಲ್ಲಿ ಬಡಿತದ ಏರಿಳಿತ ಅಷ್ಟಾಗಿ ಕಾಣದಿರಬಹುದು. (ನಮ್ಮಲ್ಲಿ ಸಕ್ಕರೆ ಇಲ್ಲದ ಮನೆ ಯಾವುದಿದೆ ಹೇಳಿ!) ಆದರೂ ದಾಖಲೆ ಹೇಗೂ ಆಗಿರುತ್ತದೆ, ದುಡ್ಡೂ ಕೊಟ್ಟಾಗಿದೆ, ಅಲ್ವಾ? ಮಂಗಳೂರು, ಮಣಿಪಾಲದ ಆಸ್ಪತ್ರೆಗಳು ರಿಪೋರ್ಟಿನಲ್ಲಿ ಎದೆಬಡಿತದ ಬಗ್ಗೆಯೂ ನಮಗೆ ಅರ್ಥವಾಗುವಂತೆ ಎರಡು ಸಾಲು ಬರೆಯಲಿ.

- ಒಬ್ಬ ಓದುಗ, ಉಡುಪಿ